ಹೆಲ್ಪ್ ಎಂಬ ಪದದ ಎರಡು ಕವಲು

ನೀರಿನಲ್ಲಿ ಮುಳುಗುತ್ತಿರುವವನು ಕನ್ನಡದಲ್ಲಿ ಏನೆಂದು ಕೂಗುತ್ತಾನೆ? ಡಬ್ಬಿಂಗ್ ಆದ ಚಿತ್ರದಲ್ಲಾದರೆ ‘ಸಹಾಯ! ಸಹಾಯ!’ ಎಂದು ಕೂಗುತ್ತಾನೆ. ನಿಜವಾಗಿ ಮುಳುಗುವವರು ಯಾರೂ ಹಾಗೆ ಕೂಗುವುದಿಲ್ಲ. ‘ಅಯ್ಯೋ, ಕಾಪಾಡಿ’ ಅನ್ನುತ್ತಾರೆ, ‘ಯಾರಾದ್ರೂ ಬನ್ರಪ್ಪಾ’ ಅನ್ನುತ್ತಾರೆ, ಇಲ್ಲವೇ ಬರೀ ‘ಅಮ್ಮಾ’ ಅನ್ನುತ್ತಾರೆ. ಚಿತ್ರದ ಸಂಭಾಷಣೆ ಬರೆದವರ ತಪ್ಪು ಅಷ್ಟು ದೊಡ್ಡದೇನಲ್ಲ. ನಮಗೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ ಸಮೀಕರಣವನ್ನೇ ಅವರು ನಂಬಿದ್ದಾರೆ: ಹೆಲ್ಪ್ ಅಂದರೆ ಸಹಾಯ.

ಈ ಸಮೀಕರಣ ಬಹಳ ಕಡೆ ಕೆಲಸಕ್ಕೆ ಬರುತ್ತದೆ, ಅದೇ ಅದರ ಅಪಾಯ. ಹತ್ತರಲ್ಲಿ ಆರು ಸಲ ಸರಿಹೋದ ಮೇಲೆ ಉಳಿದ ನಾಲ್ಕು ಸಲ ಯಾಕೆ ಎಡವಿದೆವೆಂದು ಯಾರೂ ಕೇಳಿಕೊಳ್ಳುವುದಿಲ್ಲ. ‘ಐ ಕಾಂಟ್ ಹೆಲ್ಪ್ ಲಾಫಿಂಗ್’ ಎಂಬ ವಾಕ್ಯವನ್ನು ಯಂತ್ರಾನುವಾದವೊಂದು ‘ನಾನು ನಗಲು ಸಹಾಯ ಮಾಡಲಾರೆ’ ಎಂದು ಮಾಡಿದರೆ ನಾವು ನಗುತ್ತೇವೆ. ಆದರೆ ‘ನಗದೇ ಇರಲು ಆಗುತ್ತಿಲ್ಲ’ ಎಂಬ ಅರ್ಥ ಆ ವಾಕ್ಯದೊಳಗೆ ಹೇಗೆ ಬಂದು ಕೂತಿತು ಎಂದು ಕೇಳಿದರೆ ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ತಡವರಿಸುತ್ತಾರೆ. ಪದದ ಹುಟ್ಟಿನತ್ತ ಹೋದರೆ ಉತ್ತರ ಸಿಗುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದ ‘ಹೆಲ್ಪಾನ್’. ಇಂಗ್ಲಿಷಿನ ಅತಿ ಹಳೆಯ ದೊಡ್ಡ ಕಾವ್ಯ ‘ಬಿಯೊವುಲ್ಫ್’ನ ಹಸ್ತಪ್ರತಿ ಸುಮಾರು ಕ್ರಿ.ಶ. 1000ರ ಹೊತ್ತಿನದು. ಅದರಲ್ಲಿ ಮುದಿ ರಾಜ ಬೆಂಕಿ ಉಗುಳುವ ಸರ್ಪದ ಎದುರು ಹೋಗುವ ಮುನ್ನ ಪೂರ್ತಿ ಕಬ್ಬಿಣದ ಗುರಾಣಿ ಮಾಡಿಸುತ್ತಾನೆ. ಜ್ವಾಲೆಯ ಮುಂದೆ ಮರದ ಗುರಾಣಿ ತನಗೆ ‘ಹೆಲ್ಪಾನ್’ ಆಗದು ಎಂದು ಅವನಿಗೆ ಗೊತ್ತಿದೆ. ಇಲ್ಲಿ ಕನ್ನಡದಲ್ಲಿ ‘ಮರ ಅವನಿಗೆ ಸಹಾಯ ಮಾಡದು’ ಎಂದು ಬರೆದರೆ ವಾಕ್ಯ ಬಿಗಿದುಕೊಳ್ಳುತ್ತದೆ. ‘ಒದಗದು’ ಅಂದರೆ ಸರಿಹೋಗುತ್ತದೆ. ಆಪತ್ತಿಗೆ ಒದಗುವುದು, ಕೆಲಸಕ್ಕೆ ಬರುವುದು, ಕೇಡನ್ನು ತಡೆಯುವುದು – ಈ ಮೂರೂ ಒಟ್ಟಿಗೇ ಇರುವ ಪದ ಅದು. ಒದಗುವ ವಸ್ತು ಮನುಷ್ಯನೇ ಆಗಬೇಕೆಂದಿಲ್ಲ, ಮನಸ್ಸಿರಬೇಕೆಂದೂ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಡಹುಟ್ಟಿದ ಭಾಷೆಗಳಲ್ಲಿ ಇದರ ರೂಪಗಳು ಒಂದಕ್ಕೊಂದು ಮುಖ ಹೋಲುತ್ತವೆ. ಡಚ್ಚಿನಲ್ಲಿ ಹೆಲ್ಪೆನ್, ಜರ್ಮನ್ನಿನಲ್ಲಿ ಹೆಲ್ಫೆನ್, ಸ್ವೀಡಿಷಿನಲ್ಲಿ ನಾಮಪದ ಯೆಲ್ಪ್ – ಬರೆಯುವಾಗ ಹಕಾರ ಇದೆ, ಹೇಳುವಾಗ ಇಲ್ಲ. 4ನೇ ಶತಮಾನದಲ್ಲಿ ವುಲ್ಫಿಲಾ ಎಂಬ ಬಿಷಪ್ ಬೈಬಲ್ಲನ್ನು ಗಾಥಿಕ್ ಭಾಷೆಗೆ ತಂದ. ಅದರಲ್ಲಿ ಇದು ಹಿಲ್ಪನ್. ಜರ್ಮನ್ ರೂಪದಲ್ಲಿ ಪಕಾರದ ಜಾಗದಲ್ಲಿ ಫ್ ಇರುವುದು ಆಕಸ್ಮಿಕವಲ್ಲ. ಮಧ್ಯಯುಗದ ಆರಂಭದಲ್ಲಿ ಜರ್ಮನ್ ಭಾಷೆಯ ದಕ್ಷಿಣದ ಉಪಭಾಷೆಗಳಲ್ಲಿ ಪಕಾರಗಳು ಸಾಲುಸಾಲಾಗಿ ಫ್ ಆದವು: ಇಂಗ್ಲಿಷಿನ ಶಿಪ್ ಅಲ್ಲಿ ಶಿಫ್, ಓಪನ್ ಅಲ್ಲಿ ಓಫೆನ್, ಸ್ಲೀಪ್ ಅಲ್ಲಿ ಶ್ಲಾಫೆನ್. ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ನಮ್ಮ ಪಾಲು ಹಾಲಾಗಿದೆ, ಪೂ ಹೂವಾಗಿದೆ, ಪಲ್ಲು ಹಲ್ಲಾಗಿದೆ. ಒಂದು ಭಾಷೆಯಲ್ಲಿ ಒಂದು ಧ್ವನಿ ಜಾರಿದರೆ ಒಂಟಿಯಾಗಿ ಜಾರುವುದಿಲ್ಲ, ಸಾಲನ್ನೇ ಎಳೆದುಕೊಂಡು ಹೋಗುತ್ತದೆ.

ಅದಕ್ಕೂ ಬಹಳ ಹಿಂದೆ, ಜರ್ಮಾನಿಕ್ ಎಂದು ಕರೆಯುವ ಈ ಒಡಹುಟ್ಟಿದ ಭಾಷೆಗಳೆಲ್ಲ ಇನ್ನೂ ಒಂದೇ ಆಗಿದ್ದಾಗ, ಇನ್ನೊಂದು ದೊಡ್ಡ ಜಾರುವಿಕೆ ನಡೆದಿತ್ತು. ಡೇನಿಷ್ ವಿದ್ವಾಂಸ ರಾಸ್ಮಸ್ ರಾಸ್ಕ್ 1818ರಲ್ಲಿ ಅದರ ಎಳೆ ಹಿಡಿದ. ಅಣ್ಣತಮ್ಮಂದಿರ ಜನಪದ ಕಥೆಗಳಿಂದ ಹೆಸರಾದ ಯಾಕೋಬ್ ಗ್ರಿಮ್ 1822ರಲ್ಲಿ ಅದನ್ನು ನಿಯಮವಾಗಿ ವಿವರಿಸಿದ. ಆ ನಿಯಮದ ಪ್ರಕಾರ, ಜರ್ಮಾನಿಕ್, ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆಲ್ಲ ತಾಯಿಯಾದ ಮೂಲ ಭಾಷೆಯ ಕಕಾರ ಜರ್ಮಾನಿಕ್‌ನಲ್ಲಿ ಹಕಾರವಾಗುತ್ತದೆ. ಆ ಕಕಾರಗಳಲ್ಲೇ ಒಂದು ಬಗೆಯದು ಪೂರ್ವದ ಭಾಷೆಗಳಲ್ಲಿ, ಎಂದರೆ ಸಂಸ್ಕೃತ ಮತ್ತು ಲಿಥುವೇನಿಯನ್ ಇರುವ ಕಡೆ, ಶಕಾರವಾಯಿತು. ಹಾಗಾಗಿ ನಮಗೆ ದಿನವೂ ಸಿಗುವ ಸಂಸ್ಕೃತ ಪದಗಳಿಂದಲೇ ಇದನ್ನು ಪರೀಕ್ಷಿಸಬಹುದು. ಶತ – ಹಂಡ್ರೆಡ್. ಶ್ವಾನ – ಹೌಂಡ್. ಶೃಂಗ – ಹಾರ್ನ್. ಲಿಥುವೇನಿಯನ್ನಿನಲ್ಲಿ ನೂರಕ್ಕೆ ಶಿಮ್ತಾಸ್. ಸರಿ, ಹಾಗಾದರೆ ಹೆಲ್ಪ್‌ಗೆ ಜೋಡಿ ಎಲ್ಲಿ? ಲಿಥುವೇನಿಯನ್ನಿನಲ್ಲಿ ಶೆಲ್ಪ್ತಿ ಎಂಬ ಕ್ರಿಯಾಪದ ಇದೆ, ಕಷ್ಟದಲ್ಲಿರುವವರಿಗೆ ಆಸರೆಯಾಗು ಎಂಬ ಅರ್ಥ. ಅದೇ ಬೇರಿನ ಪಶಲ್ಪಾ ಎಂಬ ಪದ ಇಂದಿಗೂ ಅಲ್ಲಿ ಸರ್ಕಾರ ಕೊಡುವ ಭತ್ಯೆಯ ಹೆಸರು. ಸಂಸ್ಕೃತದಲ್ಲಿ ಶಕಾರದಿಂದ ಶುರುವಾಗುವ ಜೋಡಿ ಧಾತು ಒಂದಿರಬೇಕಿತ್ತು, ಇಲ್ಲ. ಲ್ಯಾಟಿನ್ನಿನಲ್ಲಿ, ಗ್ರೀಕಿನಲ್ಲಿ ಕೂಡ ಖಚಿತ ಜೋಡಿ ಇಲ್ಲ. ಇಷ್ಟು ಬಳಕೆಯ ಪದಕ್ಕೆ ಇಷ್ಟು ಚಿಕ್ಕ ಕುಟುಂಬ!

ಸಂಸ್ಕೃತದಲ್ಲಿ ಜೋಡಿ ಹುಡುಕುವ ಆಸೆ ಹಳೆಯದು. 19ನೇ ಶತಮಾನದ ನಿಘಂಟುಗಳಲ್ಲಿ ಕಲ್ಪ, ಕಲ್ಪನೆಗಳ ಮೂಲವಾದ ‘ಕೢಪ್’ ಧಾತುವಿನ ಪಕ್ಕದಲ್ಲಿ ಹೆಲ್ಪನ್ನು ಕೂರಿಸಿದ್ದುಂಟು. ಕಿವಿಗೆ ಹಿತವಾಗಿಯೂ ಇದೆ, ‘ತಕ್ಕದ್ದಾಗು, ಒದಗು’ ಎಂಬ ಅರ್ಥವೂ ಹತ್ತಿರದ್ದೇ. ಆದರೆ ಲೆಕ್ಕ ಕೂಡುವುದಿಲ್ಲ. ಲಿಥುವೇನಿಯನ್ನಿನಲ್ಲಿ ಶ ಇದ್ದಲ್ಲಿ ಸಂಸ್ಕೃತದಲ್ಲೂ ಶ ಇರಬೇಕು, ಕ ಅಲ್ಲ. ಪದಗಳ ನೆಂಟಸ್ತಿಕೆಯಲ್ಲಿ ಮುಖಲಕ್ಷಣಕ್ಕಿಂತ ಇಂಥ ಲೆಕ್ಕವನ್ನೇ ನಂಬಬೇಕು. ಕಿವಿ ಹೇಳಿದ್ದನ್ನೆಲ್ಲ ನಂಬಿದರೆ ಜಗತ್ತಿನ ಯಾವ ಪದವನ್ನಾದರೂ ಯಾವ ಭಾಷೆಗಾದರೂ ಕಟ್ಟಬಹುದು.

ಲಿಥುವೇನಿಯನ್ ಜೋಡಿಯಲ್ಲೂ ಒಂದು ಮುಳ್ಳಿದೆ. ಗ್ರಿಮ್ ನಿಯಮದಲ್ಲಿ ಮೂಲದ ಪಕಾರ ಇಂಗ್ಲಿಷಿನಲ್ಲಿ ಫ್ ಆಗುತ್ತದೆ: ಪಾದ – ಫುಟ್, ಪಿತೃ – ಫಾದರ್. ಇಂಗ್ಲಿಷಿನಲ್ಲಿ ಪ್ ಕಂಡರೆ ಮೂಲದಲ್ಲಿ ಬಕಾರ ಇದ್ದಿರಬೇಕು. ಹಾಗಾದರೆ ಹೆಲ್ಪ್‌ನ ಪ್ ಬಕಾರದಿಂದ ಬಂದದ್ದು, ಶೆಲ್ಪ್ತಿಯ ಪ್ ಪಕಾರದಿಂದಲೇ ಬಂದದ್ದು. ತಲೆ ಕೂಡುತ್ತದೆ, ಬಾಲ ಕೂಡುವುದಿಲ್ಲ. ಅದಕ್ಕೇ ಕೆಲವರು ಒಂದೇ ಧಾತುವಿಗೆ ಎರಡು ರೂಪ ಇದ್ದವೆಂದು ಇಟ್ಟುಕೊಳ್ಳುತ್ತಾರೆ, ಇನ್ನು ಕೆಲವರು ಇದು ಯೂರೋಪಿನ ಉತ್ತರದಲ್ಲಷ್ಟೇ ಓಡಾಡಿದ ಪದ ಎನ್ನುತ್ತಾರೆ. ಎರಡನೆಯದೇ ಹೆಚ್ಚು ಸರಿಯೆನ್ನಿಸುತ್ತದೆ. ಯಾಕೆಂದರೆ ಮೂಲ ಭಾಷೆಯಲ್ಲಿ ಬಕಾರವೇ ಬಲು ಅಪರೂಪ, ಬಕಾರ ಬೇಡುವ ಪದ ಅಲ್ಲಿಂದಲೇ ಬಂದಿರುವ ಸಂಭವ ಕಡಿಮೆ.

ಇನ್ನು ವ್ಯಾಕರಣ. ಇಂಗ್ಲಿಷ್ ಕಲಿಯುವ ಕನ್ನಡಿಗರು ಹೆಚ್ಚಾಗಿ ಮಾಡುವ ತಪ್ಪು ‘ಹಿ ಹೆಲ್ಪ್ಡ್ ಟು ಮಿ’. ಕಾರಣ ಸ್ಪಷ್ಟ: ನಮ್ಮಲ್ಲಿ ‘ನನಗೆ ಸಹಾಯ ಮಾಡಿದ’, ಚತುರ್ಥಿ. ಆ ‘ಗೆ’ಯನ್ನು ಎಲ್ಲಾದರೂ ಇಡಬೇಕಲ್ಲ, ‘ಟು’ ಆಗಿ ಇಡುತ್ತೇವೆ. ತಮಾಷೆಯೆಂದರೆ, ಸಾವಿರ ವರ್ಷದ ಹಿಂದಿನ ಇಂಗ್ಲಿಷಿನವನು ನಮ್ಮ ತಪ್ಪನ್ನು ಪೂರ್ತಿ ತಪ್ಪೆನ್ನುತ್ತಿರಲಿಲ್ಲ. ಹೆಲ್ಪಾನ್ ಪಡೆಯುತ್ತಿದ್ದವನು ಆಗ ಚತುರ್ಥಿಯಲ್ಲೇ ಬರುತ್ತಿದ್ದ, ಕೆಲವೊಮ್ಮೆ ಷಷ್ಠಿಯಲ್ಲಿ. ಗಾಥಿಕ್ ಬೈಬಲ್ಲಿನಲ್ಲೂ ಷಷ್ಠಿಯೇ: ‘ನಮಗೆ ಒದಗು’ ಅನ್ನಬೇಕಾದಲ್ಲಿ ಅಕ್ಷರಶಃ ‘ನಮ್ಮ ಒದಗು’. ಜರ್ಮನ್ ಇಂದಿಗೂ ಚತುರ್ಥಿಯನ್ನು ಬಿಟ್ಟಿಲ್ಲ. ಇಂಗ್ಲಿಷಿನಲ್ಲಿ ವಿಭಕ್ತಿ ಪ್ರತ್ಯಯಗಳು ಸವೆದು ಹೋದಾಗ ಚತುರ್ಥಿಯ ‘ಹಿಮ್’ ಮತ್ತು ದ್ವಿತೀಯೆಯ ‘ಹಿಮ್’ ಒಂದೇ ಆದವು. ‘ಗಿವ್’ನಂಥ ಕೆಲವು ಕ್ರಿಯಾಪದಗಳು ‘ಟು’ ಹಿಡಿದುಕೊಂಡು ಚತುರ್ಥಿಯ ನೆನಪು ಉಳಿಸಿಕೊಂಡವು. ಹೆಲ್ಪ್ ಹಿಡಿಯಲಿಲ್ಲ, ನೇರ ಕರ್ಮವನ್ನೇ ಒಪ್ಪಿಕೊಂಡಿತು. ಹಾಗಾಗಿ ‘ಹೆಲ್ಪ್’ ಆದಮೇಲೆ ವ್ಯಕ್ತಿ ಬಂದರೆ ನಡುವೆ ಏನೂ ಬೇಡ. ಕೆಲಸದ ಹೆಸರು ಬಂದರೆ ‘ವಿತ್’ ಬೇಕು: ‘ಹೆಲ್ಪ್ ಮಿ ವಿತ್ ದಿಸ್ ಬಾಕ್ಸ್’. ಮಾಡುವ ಕ್ರಿಯೆ ಬಂದರೆ ‘ಟು’ ಇಡಬಹುದು, ಬಿಡಬಹುದು. ‘ಹೆಲ್ಪ್ ಮಿ ಲಿಫ್ಟ್’, ‘ಹೆಲ್ಪ್ ಮಿ ಟು ಲಿಫ್ಟ್’ ಎರಡೂ ಹಳೆಯವೇ, ಅಮೆರಿಕದಲ್ಲಿ ಬಿಡುವುದು ಹೆಚ್ಚು. ಕರ್ಮಣಿಯಲ್ಲಿ ಮಾತ್ರ ಬಿಡುವಂತಿಲ್ಲ, ‘ಶಿ ವಾಸ್ ಹೆಲ್ಪ್ಡ್ ಟು ಸ್ಟ್ಯಾಂಡ್’ ಎಂದೇ ಆಗಬೇಕು. ಇನ್ನೊಂದು ತಪ್ಪು ‘ಡು ಹೆಲ್ಪ್’. ಇದು ‘ಸಹಾಯ ಮಾಡು’ವಿನ ನೆರಳು. ಸಂಸ್ಕೃತದಿಂದ ಬಂದ ನಾಮಪದಗಳಿಗೆ ‘ಮಾಡು’ ಅಂಟಿಸಿ ಕ್ರಿಯಾಪದ ಮಾಡಿಕೊಳ್ಳುವುದು ನಮ್ಮ ಪದ್ಧತಿ; ಹೆಲ್ಪ್‌ಗೆ ಆ ಊರುಗೋಲು ಬೇಕಿಲ್ಲ.

ಹಿಂದೆ ಇದರ ಭೂತಕಾಲ ಹೆಲ್ಪ್ಡ್ ಆಗಿರಲಿಲ್ಲ. ಸ್ವರ ಬದಲಿಸಿಕೊಳ್ಳುವ ಪದ ಇದು: ಹೆಲ್ಪ್, ಹೋಲ್ಪ್, ಹೋಲ್ಪನ್. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಹೋಲ್ಪನ್ ಸಿಗುತ್ತದೆ. ಹೋಲ್ಪ್ ಶೇಕ್ಸ್‌ಪಿಯರನ ನಾಟಕಗಳಲ್ಲಿದೆ. ಜರ್ಮನ್ನಿನಲ್ಲಿ ಇಂದಿಗೂ ಹೆಲ್ಫೆನ್, ಹಾಲ್ಫ್, ಗೆಹೋಲ್ಫೆನ್. ಕನ್ನಡದಲ್ಲಿ ನಗು–ನಕ್ಕ, ಕೊಡು–ಕೊಟ್ಟ, ಬೀಳು–ಬಿದ್ದ ಎಂದು ಮೈ ಬದಲಿಸುವ ಪದಗಳಿವೆಯಲ್ಲ, ಆ ಜಾತಿ. ಇಂಥ ಪದಗಳು ಬಳಕೆಯ ಬಲದಿಂದ ಉಳಿಯುತ್ತವೆ ಎನ್ನುವುದು ಸಾಮಾನ್ಯ ತಿಳಿವಳಿಕೆ, ಆದರೆ ಹೆಲ್ಪ್‌ನಷ್ಟು ಬಳಕೆಯ ಪದವೂ ಸೋತು ‘ಡ್’ ಹಚ್ಚಿಕೊಂಡಿತು. ಅಮೆರಿಕದ ಅಪಲೇಷಿಯನ್ ಬೆಟ್ಟಸೀಮೆಯ ಹಳಬರ ಮಾತಿನಲ್ಲಿ ಹೋಲ್ಪ್ ಬಹುಕಾಲ ಬದುಕಿತ್ತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಬಿಯೊವುಲ್ಫ್‌ನ ಗುರಾಣಿಯಲ್ಲಿ ಎರಡು ಅರ್ಥ ಒಟ್ಟಿಗೆ ಇದ್ದವು: ಆಳಿಗೆ ಒದಗುವುದು, ಕೇಡನ್ನು ತಡೆಯುವುದು. ಕಾಲ ಕಳೆದಂತೆ ಈ ಎರಡೂ ಬೇರೆ ಬೇರೆ ಕವಲಾದವು. ಮೊದಲ ಕವಲು ನಮಗೆ ಗೊತ್ತಿರುವ ಸಹಾಯ. ಎರಡನೆಯ ಕವಲಿನಲ್ಲಿ ಹೆಲ್ಪ್ ಪಡೆಯುವುದು ಮನುಷ್ಯನಲ್ಲ, ಕಷ್ಟವೇ. ರೋಗವನ್ನು ಹೆಲ್ಪ್ ಮಾಡುವುದು ಎಂದರೆ ರೋಗಕ್ಕೆ ನೆರವಾಗುವುದಲ್ಲ, ಅದನ್ನು ವಾಸಿಮಾಡುವುದು. ಶೇಕ್ಸ್‌ಪಿಯರನ ಕಾಲಕ್ಕೆ ಈ ಬಳಕೆ ಸಲೀಸಾಗಿತ್ತು. ವಾಸಿಮಾಡುವುದರಿಂದ ಪರಿಹರಿಸುವುದು, ಪರಿಹರಿಸುವುದರಿಂದ ಆಗದಂತೆ ತಡೆಯುವುದು, ತಡೆಯುವುದರಿಂದ ತನ್ನನ್ನು ತಾನು ತಡೆದುಕೊಳ್ಳುವುದು – ಒಂದೊಂದೇ ಮೆಟ್ಟಿಲು. ‘ದೇರ್ ಈಸ್ ನೋ ಹೆಲ್ಪ್ ಫಾರ್ ಇಟ್’ ಮೊದಲ ಮೆಟ್ಟಿಲಲ್ಲೇ ನಿಂತಿದೆ: ಅದಕ್ಕೆ ಮದ್ದಿಲ್ಲ. ‘ಇಟ್ ಕಾಂಟ್ ಬಿ ಹೆಲ್ಪ್ಡ್’ ನಡುವಿನದು: ಅದನ್ನು ತಡೆಯಲಾಗದು. ಇದಕ್ಕೆ ಕನ್ನಡದಲ್ಲಿ ಹೇಳಿ ಮಾಡಿಸಿದಂಥ ಪದ ಇದೆ, ಅನಿವಾರ್ಯ. ನಿವಾರಿಸಲಾಗದ್ದು ಅನಿವಾರ್ಯ, ಇಂಗ್ಲಿಷಿನವರು ಇದೇ ಕೆಲಸಕ್ಕೆ ಹೆಲ್ಪ್ ಎಂಬ ಕ್ರಿಯಾಪದವನ್ನೇ ದುಡಿಸಿಕೊಂಡಿದ್ದಾರೆ, ಅಷ್ಟೇ ವ್ಯತ್ಯಾಸ. ಕೊನೆಯ ಮೆಟ್ಟಿಲು ‘ಐ ಕಾಂಟ್ ಹೆಲ್ಪ್ ಲಾಫಿಂಗ್’: ನಗುವನ್ನು ತಡೆಯಲಾರೆ. ನಗುವೇ ಇಲ್ಲಿ ರೋಗ, ಮದ್ದಿಲ್ಲದ್ದು.

ಎರಡು ಕವಲು ಎಷ್ಟು ದೂರ ಹೋಗಿವೆ ಎಂದು ನೋಡಬೇಕಾದರೆ ‘ಹೆಲ್ಪ್ ಯುವರ್‌ಸೆಲ್ಫ್’ ಮತ್ತು ‘ಐ ಕಾಂಟ್ ಹೆಲ್ಪ್ ಮೈಸೆಲ್ಫ್’ ಎರಡನ್ನೂ ಪಕ್ಕಪಕ್ಕ ಇಡಿ. ತಟ್ಟೆಯ ಮುಂದೆ ಕೂತವನಿಗೆ ಮೊದಲನೆಯದು ‘ಸಂಕೋಚ ಬೇಡ, ಬಡಿಸಿಕೊಳ್ಳಿ’ ಎಂಬ ಪರವಾನಗಿ. ಎರಡನೆಯದು ‘ಎಷ್ಟು ಬೇಡವೆಂದುಕೊಂಡರೂ ಕೈ ನಿಲ್ಲುತ್ತಿಲ್ಲ’ ಎಂಬ ತಪ್ಪೊಪ್ಪಿಗೆ. ಪದಗಳು ಅವೇ, ಒಂದರಲ್ಲಿ ಕೈ ಮುಂದೆ ಹೋಗಬೇಕು, ಇನ್ನೊಂದರಲ್ಲಿ ಕೈಯನ್ನು ಹಿಂದೆಳೆಯಬೇಕಿತ್ತು. ಅನುವಾದ ಮಾಡುವವರಿಗೆ ಒಂದು ಗುರುತು ಹೇಳಬಹುದು. ‘ಕ್ಯಾನ್’ ಮತ್ತು ನಿಷೇಧ ಹೆಲ್ಪ್‌ನ ಬೆನ್ನಿಗಿದ್ದು, ಮುಂದೆ ‘ಇಟ್’ ಅಥವಾ ‘ಇಂಗ್’ನಲ್ಲಿ ಮುಗಿಯುವ ಪದ ಇದ್ದರೆ ಅದು ಎರಡನೆಯ ಕವಲು ಎಂದು ಹೆಚ್ಚುಕಡಿಮೆ ನಿಶ್ಚಯ. ಆಗ ‘ಸಹಾಯ’ವನ್ನು ಮರೆತು ‘ತಡೆ’ಯಿಂದ ಶುರುಮಾಡಿ, ತಡೆಯಲಾಗಲಿಲ್ಲ, ಬೇರೆ ದಾರಿಯಿಲ್ಲ, ಆಗದೇ ಹೋಗದು, ಇವುಗಳಲ್ಲಿ ಒಂದು ಕೂತುಕೊಳ್ಳುತ್ತದೆ. ‘ನಾಟ್ ಇಫ್ ಐ ಕ್ಯಾನ್ ಹೆಲ್ಪ್ ಇಟ್’ ಎಂಬುದು ಕನ್ನಡದಲ್ಲಿ ‘ನಾನಿರುವಾಗ ಅದು ಆಗಗೊಡಲ್ಲ’.

ಈ ಕವಲಿನಲ್ಲಿ ತರ್ಕಕ್ಕೆ ಸಿಗದ ಗಂಟೂ ಒಂದಿದೆ. ‘ಡೋಂಟ್ ಸ್ಪೆಂಡ್ ಮೋರ್ ದ್ಯಾನ್ ಯು ಕ್ಯಾನ್ ಹೆಲ್ಪ್’ ಎಂದು ಇಂಗ್ಲಿಷಿನವರು ಸಹಜವಾಗಿ ಹೇಳುತ್ತಾರೆ. ಅರ್ಥ, ಅನಿವಾರ್ಯವಾದದ್ದಕ್ಕಿಂತ ಹೆಚ್ಚು ಖರ್ಚು ಮಾಡಬೇಡ. ಆದರೆ ಹೆಲ್ಪ್ ಎಂದರೆ ತಡೆ ಎಂದು ಹಿಡಿದು ಬಿಡಿಸಿದರೆ ‘ತಡೆಯಬಲ್ಲದ್ದಕ್ಕಿಂತ ಹೆಚ್ಚು ಖರ್ಚು ಮಾಡಬೇಡ’ ಎಂದಾಗುತ್ತದೆ, ಅದು ತಲೆಕೆಳಗು. ತರ್ಕಕ್ಕೆ ಬೇಕಾದದ್ದು ‘ಕ್ಯಾನಾಟ್ ಹೆಲ್ಪ್’. ವೈಯಾಕರಣರು ಇದನ್ನು ಬಹಳ ಹಿಂದೆಯೇ ಎತ್ತಿ ತೋರಿಸಿದರು, ಮಾತಾಡುವವರು ಕಿವಿಗೆ ಹಾಕಿಕೊಳ್ಳಲಿಲ್ಲ. ‘ಕಾಂಟ್ ಹೆಲ್ಪ್ ಬಟ್’ ಎಂಬುದೂ ಇಂಥದ್ದೇ ಬೆರಕೆ. ‘ಕ್ಯಾನಾಟ್ ಬಟ್’ ಎಂಬ ಹಳೆಯ ಪ್ರಯೋಗವನ್ನು ‘ಕಾಂಟ್ ಹೆಲ್ಪ್’ಗೆ ಕಸಿಮಾಡಿದ್ದು. ಒಂದು ಕಾಲಕ್ಕೆ ಮಡಿವಂತರು ಮೂಗು ಮುರಿದರು, ಈಗ ಎಲ್ಲರೂ ಬರೆಯುತ್ತಾರೆ. ತಿದ್ದಲು ಹೋಗುವುದು ವ್ಯರ್ಥ.

ಊಟದ ಅರ್ಥ 17ನೇ ಶತಮಾನದ ಕೊನೆಗೆ ಬಂದದ್ದು. ಫ್ರೆಂಚಿನ ‘ಸೆರ್ವೀರ್’ ಎಂಬ ಕ್ರಿಯಾಪದಕ್ಕೆ ಒದಗು ಎಂಬ ಅರ್ಥವೂ ಬಡಿಸು ಎಂಬ ಅರ್ಥವೂ ಇತ್ತು. ಅದರ ನೆರಳಿನಲ್ಲಿ ಹೆಲ್ಪ್ ಕೂಡ ಬಡಿಸತೊಡಗಿತು. 19ನೇ ಶತಮಾನದಲ್ಲಿ ಒಂದು ಸಲ ಬಡಿಸಿದ ಪಾಲೇ ‘ಹೆಲ್ಪಿಂಗ್’ ಆಯಿತು. ಯಾರೂ ಬಡಿಸದೆ ತಾನೇ ಎತ್ತಿಕೊಂಡವನ ವಿಷಯದಲ್ಲಿ ‘ಹಿ ಹೆಲ್ಪ್ಡ್ ಹಿಮ್‌ಸೆಲ್ಫ್ ಟು ದ ಕ್ಯಾಷ್’ ಅಂದರೆ ಕದ್ದ ಎಂದರ್ಥ – ನಮ್ಮ ‘ಕೈಚಳಕ ತೋರಿಸಿದ’ ಅನ್ನುವ ಧಾಟಿ.

ಮನೆಗೆಲಸದವರನ್ನು ಹೆಲ್ಪ್ ಎಂದು ಕರೆದದ್ದು ಅಮೆರಿಕ. 17ನೇ ಶತಮಾನದ ನ್ಯೂ ಇಂಗ್ಲೆಂಡಿನಲ್ಲೇ ಇದು ಕಾಣಿಸುತ್ತದೆ. ಇದು ವಿನಯದ ಮಾತಷ್ಟೇ ಅಲ್ಲ, ಹಠದ ಮಾತೂ ಹೌದು. ‘ಸರ್ವೆಂಟ್’ ಎಂದು ಕರೆಸಿಕೊಳ್ಳಲು ಸ್ವತಂತ್ರ ಪ್ರಜೆಗಳು ಒಪ್ಪಲಿಲ್ಲ. ಗುಲಾಮರಿದ್ದ ನಾಡಿನಲ್ಲಿ ಆ ಪದದ ವಾಸನೆಯೇ ಬೇರೆಯಿತ್ತು. 1832ರಲ್ಲಿ ಅಮೆರಿಕದ ಬಗ್ಗೆ ಬರೆದ ಇಂಗ್ಲಿಷ್ ಲೇಖಕಿ ಫ್ರಾನ್ಸಿಸ್ ಟ್ರಾಲಪ್, ಅಲ್ಲಿ ಪ್ರಜೆಯೊಬ್ಬರನ್ನು ಸೇವಕರೆಂದು ಕರೆಯುವುದು ರಾಜದ್ರೋಹಕ್ಕಿಂತ ದೊಡ್ಡ ಅಪರಾಧ ಎಂಬ ಧಾಟಿಯಲ್ಲಿ ಚುಚ್ಚಿದ್ದಾರೆ. ಹೆಸರು ಬದಲಾದಷ್ಟು ಸುಲಭವಾಗಿ ಸಂಬಳ ಬದಲಾಗಲಿಲ್ಲ ಎಂಬುದು ಬೇರೆ ಮಾತು.

ಹೆಂಡತಿಗೆ ಅಂಟಿದ ‘ಹೆಲ್ಪ್‌ಮೀಟ್’ ಎಂಬ ಪದ ಇನ್ನೂ ಸ್ವಾರಸ್ಯದ್ದು, ಯಾಕೆಂದರೆ ಅದು ಪದವೇ ಅಲ್ಲ. 1611ರ ಬೈಬಲ್ಲಿನ ಆದಿಕಾಂಡದಲ್ಲಿ ದೇವರು ಆದಾಮನಿಗೆ ‘ಆ್ಯನ್ ಹೆಲ್ಪ್ ಮೀಟ್ ಫಾರ್ ಹಿಮ್’ ಮಾಡುತ್ತೇನೆ ಅನ್ನುತ್ತಾನೆ. ಇಲ್ಲಿ ‘ಮೀಟ್’ ಎಂದರೆ ತಕ್ಕ, ಸರಿಹೊಂದುವ. ಅವನಿಗೆ ತಕ್ಕ ಒಂದು ನೆರವು. ಓದುವವರು ಎರಡು ಪದಗಳನ್ನು ಒಂದು ಮಾಡಿಕೊಂಡರು, 17ನೇ ಶತಮಾನದಲ್ಲೇ ನಡುವೆ ಅಡ್ಡಗೆರೆ ಬಿತ್ತು. ಆಮೇಲೆ ‘ಮೀಟ್’ ಎಂದರೇನೆಂದು ಯಾರಿಗೂ ಹೊಳೆಯದೆ ಅದನ್ನು ‘ಮೇಟ್’ ಎಂದು ತಿದ್ದಿ 18ನೇ ಶತಮಾನದಲ್ಲಿ ‘ಹೆಲ್ಪ್‌ಮೇಟ್’ ಮಾಡಿದರು. ತಪ್ಪಿನ ಮೇಲೊಂದು ತಪ್ಪು, ಕೊನೆಗೆ ಎರಡೂ ನಿಘಂಟಿನಲ್ಲಿ. ಇಲ್ಲಿ ಹೀಬ್ರೂ ಮೂಲದಲ್ಲಿರುವ ಪದ ‘ಏಜೆರ್’. ಅದು ಕೈಕೆಳಗಿನ ಸಹಾಯಕಿಯನ್ನೇ ಸೂಚಿಸುವ ಪದವಲ್ಲ; ದೇವರು ಮನುಷ್ಯರಿಗೆ ಒದಗುವುದಕ್ಕೂ ಅದನ್ನೇ ಬಳಸುತ್ತಾರೆ. ಎಬೆನೇಜರ್ ಎಂಬ ಹೆಸರಿನಲ್ಲಿರುವುದು ಅದೇ, ನೆರವಿನ ಕಲ್ಲು ಎಂದು. ಇಂಗ್ಲಿಷಿನಲ್ಲಿ ಹೆಲ್ಪ್‌ಮೀಟ್ ಕೈಕೆಳಗಿನವಳಾದದ್ದರಲ್ಲಿ ಹೀಬ್ರೂವಿನ ಪಾಲು ಕಡಿಮೆ.

ಇಂಗ್ಲಿಷಿನಲ್ಲಿ ನೆರವಿಗೆ ಹೆಲ್ಪ್ ಒಂದೇ ಇಲ್ಲ. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಬಂದ ಫ್ರೆಂಚಿನಿಂದ ‘ಏಡ್’ ಮತ್ತು ‘ಸಕರ್’, ಮುಂದೆ ಲ್ಯಾಟಿನ್ ಓದಿನ ಮೂಲಕ ‘ಅಸಿಸ್ಟ್’. ನಮ್ಮಲ್ಲಿ ನೆರವು, ಸಹಾಯ, ಮದತ್ತು ಎಂದು ಮೂರು ಪದರ ಇದ್ದಂತೆ. ಇವುಗಳಲ್ಲಿ ಒಂದು ಕುತೂಹಲದ ಭೇದ ಇದೆ. ‘ಅಸಿಸ್ಟ್’ ಒಡೆದರೆ ಪಕ್ಕದಲ್ಲಿ ನಿಲ್ಲು ಎಂದಾಗುತ್ತದೆ. ಸಂಸ್ಕೃತದ ‘ಸ್ಥಾ’ ಧಾತು ಅದರೊಳಗಿನ ಬೇರಿಗೆ ನೆಂಟ. ಫ್ರೆಂಚಿನಲ್ಲಿ ಇಂದಿಗೂ ಸಭೆಗೆ ‘ಅಸಿಸ್ತೇ’ ಮಾಡುವುದೆಂದರೆ ಸಭೆಯಲ್ಲಿ ಹಾಜರಿರುವುದು, ಕೈಹಚ್ಚುವುದಲ್ಲ. ‘ಸಕರ್’ ಒಡೆದರೆ ಓಡಿ ಬರು. ‘ಸಪೋರ್ಟ್’ ಎಂದರೆ ಕೆಳಗಿನಿಂದ ಹೊರು. ನಮ್ಮ ‘ಸಹಾಯ’ ಎಂದರೂ ಜೊತೆಗೆ ಹೋಗುವವನು. ಸಂಸ್ಕೃತದಲ್ಲಿ ಅದು ಮೊದಲು ಸಂಗಾತಿ, ಆಮೇಲೆ ನೆರವು. ‘ಬೆಂಬಲ’ ಬೆನ್ನಿಗಿರುವ ಬಲ. ಎಲ್ಲದರಲ್ಲೂ ಮೈಯ ಒಂದು ಚಿತ್ರ ಇದೆ: ನಿಂತವನು, ಓಡಿದವನು, ಹೊತ್ತವನು, ಜೊತೆ ನಡೆದವನು. ಹೆಲ್ಪ್‌ನಲ್ಲಿ ಮಾತ್ರ ಯಾವ ಚಿತ್ರವೂ ಇಲ್ಲ. ಎಷ್ಟು ಅಗೆದರೂ ಅದರಡಿಯಲ್ಲಿ ಹೆಲ್ಪ್ ಎಂಬ ಅರ್ಥವೇ ಸಿಗುತ್ತದೆ. ಚಿತ್ರವಿಲ್ಲದ ಪದಕ್ಕೆ ಎಲ್ಲಿಗೆ ಬೇಕಾದರೂ ಹೋಗುವ ಸ್ವಾತಂತ್ರ್ಯ ಹೆಚ್ಚು. ಮದ್ದು, ಗುರಾಣಿ, ಬಡಿಸುವ ಸೌಟು ಎಲ್ಲವೂ ಅದರಡಿಗೆ ಬಂದದ್ದು ಬಹುಶಃ ಅದಕ್ಕೇ.

‘ಏಡ್’ ಹಿನ್ನೆಲೆ ಸ್ವಲ್ಪ ಖಾರದ್ದು. ಲ್ಯಾಟಿನ್ನಿನ ‘ಯುವಾರೆ’ಗೆ ನೆರವಾಗು, ಸಂತೋಷಪಡಿಸು ಎಂದು ಎರಡು ಅರ್ಥ, ಅದರಿಂದ ಫ್ರೆಂಚಿನ ಮೂಲಕ ಬಂದದ್ದು. ಆದರೆ ಮಧ್ಯಯುಗದ ಇಂಗ್ಲೆಂಡಿನಲ್ಲಿ ಏಡ್ ಎಂದರೆ ಪಾಳೆಯಗಾರ ತನ್ನ ಒಡೆಯನಿಗೆ ಕಟ್ಟಬೇಕಾದ ಹಣ. ಒಡೆಯ ಸೆರೆಸಿಕ್ಕರೆ ಬಿಡಿಸಲು, ಅವನ ಹಿರಿಮಗನಿಗೆ ನೈಟ್ ಪಟ್ಟ ಕಟ್ಟಲು, ಹಿರಿಮಗಳ ಮದುವೆಗೆ. ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಸನ್ನದು ಮ್ಯಾಗ್ನಾ ಕಾರ್ಟಾದ 12ನೇ ಕಲಮು ರಾಜ ಈ ಮೂರಕ್ಕಲ್ಲದೆ ಬೇರೆ ಏಡ್ ಕೇಳಬೇಕಾದರೆ ರಾಜ್ಯದ ಸಮ್ಮತಿ ಬೇಕು ಎನ್ನುತ್ತದೆ. ವಸೂಲಿಗೆ ನೆರವು ಎಂದು ಹೆಸರಿಡುವ ಕಲೆ ಹೊಸದಲ್ಲ. ಈಗ ಏಡ್ ಕಚೇರಿಯ, ಶಾಸನದ, ಸಂಸ್ಥೆಗಳ ಪದ. ಕನ್ನಡದಲ್ಲಿ ಅದು ಒಂದೊಂದು ಕಡೆ ಒಂದೊಂದು ವೇಷ ಹಾಕಿದೆ. ಲೀಗಲ್ ಏಡ್ ಕಾನೂನು ನೆರವು. ಏಡೆಡ್ ಶಾಲೆ ಅನುದಾನಿತ ಶಾಲೆ. ಹಿಯರಿಂಗ್ ಏಡ್ ಶ್ರವಣ ಸಾಧನ. ಫಸ್ಟ್ ಏಡ್ ಪ್ರಥಮ ಚಿಕಿತ್ಸೆ. ಜರ್ಮನ್ನರಿಗೆ ಅದು ಮೊದಲ ನೆರವಷ್ಟೇ, ನಾವು ಅದನ್ನು ಚಿಕಿತ್ಸೆಗೇ ಏರಿಸಿದ್ದೇವೆ. ಇದು ಒಳ್ಳೆಯದಾಗಲಿಲ್ಲ. ವೈದ್ಯರು ಬರುವತನಕ ಜೀವ ಹಿಡಿದಿಡುವುದು ಅದರ ಉದ್ದೇಶ, ಚಿಕಿತ್ಸೆ ಎಂದಾಗ ಬರುವ ಹಿಂಜರಿಕೆ ‘ಮೊದಲ ನೆರವು’ ಎಂದಿದ್ದರೆ ಬರುತ್ತಿರಲಿಲ್ಲ.

ಕಾನೂನಿನ ಜೋಡಿಪದ ‘ಏಡ್ ಆ್ಯಂಡ್ ಅಬೆಟ್’ನ ಎರಡನೆಯ ಪದ ಹಳೆಯ ಫ್ರೆಂಚಿನದು, ಬೇಟೆನಾಯಿಯನ್ನು ಛೂ ಬಿಡುವುದಕ್ಕೆ ಸಂಬಂಧಿಸಿದ್ದು. ಕೇಡಿಗೆ ಕೊಡುವ ಬೆಂಬಲಕ್ಕೆ ಬೇರೆ ಪದ ಬೇಕೆನ್ನಿಸುವುದು ಎಲ್ಲ ಭಾಷೆಗಳಿಗೂ ಇರಬೇಕು. ಕನ್ನಡದ ‘ಕುಮ್ಮಕ್ಕು’ ಪರ್ಷಿಯನ್ನಿನ ಕುಮಕ್. ಅಲ್ಲಿ ಅದು ಶುದ್ಧವಾದ ನೆರವು, ಮಾನವಂತ ಪದ. ನಮ್ಮಲ್ಲಿಗೆ ಬಂದು ಅಡ್ಡದಾರಿ ಹಿಡಿಯಿತು. ಕಳ್ಳನಿಗೆ ಕುಮ್ಮಕ್ಕು ಕೊಡಬಹುದು, ಬಿದ್ದವನಿಗೆ ಕೊಡಲಾಗದು.

ಮತ್ತೆ ಕೂಗಿಗೆ ಬರೋಣ. ಅಪಾಯದ ಕೂಗಿಗೆ ಪದ ಹುಡುಕುವ ಕೆಲಸ ರೇಡಿಯೋ ಕಾಲದಲ್ಲಿ ಅಧಿಕೃತವಾಗಿಯೇ ನಡೆಯಿತು. ರೇಡಿಯೋದಲ್ಲಿ ಕಳಿಸುವ ಮೋರ್ಸ್ ಸಂಕೇತದ ಟಕಟಕಕ್ಕೆ 1906ರ ಬರ್ಲಿನ್ ಒಪ್ಪಂದ ಎಸ್‌ಒಎಸ್ ಕೊಟ್ಟಿತು: ಮೂರು ಗಿಡ್ಡ ಸದ್ದು, ಮೂರು ಉದ್ದ, ಮೂರು ಗಿಡ್ಡ. ಅದು ಯಾವುದರ ಹ್ರಸ್ವರೂಪವೂ ಅಲ್ಲ. ವಿಸ್ತರಣೆಗಳೆಲ್ಲ ಆಮೇಲೆ ಕಟ್ಟಿದ್ದು. ಬಾಯಿಂದ ಹೇಳುವಾಗ ಸಕಾರ ಗೊರಗೊರ ಸದ್ದಿನಲ್ಲಿ ಕಳೆದುಹೋಗುತ್ತದೆ. ಅದಕ್ಕೆ 1920ರ ದಶಕದಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನನಿಲ್ದಾಣದ ರೇಡಿಯೋ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ ‘ಮೇಡೇ’ ಸೂಚಿಸಿದರು. ಆಗ ಅಲ್ಲಿಂದ ಹೆಚ್ಚಿನ ವಿಮಾನಗಳು ಪ್ಯಾರಿಸ್ಸಿಗೆ ಹೋಗಿಬರುತ್ತಿದ್ದವು. ಫ್ರೆಂಚಿನ ‘ಮೆದೇ’, ಎಂದರೆ ನನಗೆ ನೆರವಾಗಲು, ಎರಡೂ ಕಡೆಯ ಕಿವಿಗೆ ಗೊತ್ತಾಗುತ್ತಿತ್ತು. 1927ರಲ್ಲಿ ಅದು ಅಂತರರಾಷ್ಟ್ರೀಯ ಸಂಕೇತವಾಯಿತು. ಬೇರೆ ಮಾತಿನ ನಡುವೆ ತಪ್ಪಿ ಕೇಳಿಸದಿರಲೆಂದು ಮೂರು ಸಲ ಹೇಳಬೇಕು. ಆದರೆ ಮುಳುಗುತ್ತಿರುವ ಫ್ರೆಂಚ್ ಮನುಷ್ಯ ‘ಮೆದೇ’ ಎಂದು ಕೂಗುವುದಿಲ್ಲ, ‘ಓ ಸ್ಕೂರ್’ ಎಂದು ಕೂಗುತ್ತಾನೆ – ಓಡಿ ಬನ್ನಿ ಎಂಬ ಆ ಹಳೆಯ 'ಸಕರ್' ಪದವನ್ನೇ. ಜರ್ಮನ್ ‘ಹಿಲ್ಫೆ’ ಎಂದು ನಾಮಪದವನ್ನೇ ಕೂಗುತ್ತಾನೆ. ಇಂಗ್ಲಿಷಿನವನ ‘ಹೆಲ್ಪ್’ ನಾಮಪದವೋ ಆಜ್ಞೆಯೋ ಎಂದು ಬಿಡಿಸಲು ಬರುವುದಿಲ್ಲ, ಎರಡಕ್ಕೂ ರೂಪ ಒಂದೇ. ಕನ್ನಡದವರು ಕ್ರಿಯಾಪದವನ್ನೇ ಕೂಗುತ್ತಾರೆ: ಬನ್ನಿ, ಹಿಡಿಯಿರಿ, ಕಾಪಾಡಿ. ಇದನ್ನು ನಿಘಂಟು ಹೇಳುವುದಿಲ್ಲ.

ನಿತ್ಯದ ವಾಕ್ಯಗಳಲ್ಲೂ ಹೀಗೆಯೇ. ‘ಕ್ರೈಯಿಂಗ್ ವೋಂಟ್ ಹೆಲ್ಪ್’ ಎಂದರೆ ಅತ್ತು ಪ್ರಯೋಜನವಿಲ್ಲ. ‘ದ ಟ್ಯಾಬ್ಲೆಟ್ ಹೆಲ್ಪ್ಡ್’ ಎಂದರೆ ಮಾತ್ರೆ ನಾಟಿತು. ‘ಗಾಡ್ ಹೆಲ್ಪ್ ಯು’ ಎಂದರೆ ನಿನ್ನನ್ನು ದೇವರೇ ಕಾಪಾಡಬೇಕು. ನ್ಯಾಯಾಲಯದ ಪ್ರಮಾಣದ ‘ಸೋ ಹೆಲ್ಪ್ ಮಿ ಗಾಡ್’ನಲ್ಲಿ ಹೆಲ್ಪ್ ಆಜ್ಞೆಯಲ್ಲ, ಹಾರೈಕೆಯ ರೂಪ: ನಾನು ಹೇಳಿದ್ದು ನಿಜವಿದ್ದಷ್ಟು ದೇವರು ನನಗೆ ಒದಗಲಿ. ಅಮೆರಿಕದ 1789ರ ನ್ಯಾಯಾಂಗ ಕಾಯಿದೆಯಲ್ಲಿ ನ್ಯಾಯಾಧೀಶರ ಪ್ರಮಾಣ ಇದರಲ್ಲೇ ಮುಗಿಯುತ್ತದೆ. ಅದರ ತುಂಡಾದ ‘ಸೋ ಹೆಲ್ಪ್ ಮಿ’ ಇವತ್ತು ಸಿಟ್ಟಿನ ಮಾತು, ನಮ್ಮ ‘ದೇವರಾಣೆಗೂ ಬಿಡಲ್ಲ’. ‘ಮೇ ಐ ಹೆಲ್ಪ್ ಯು’ ಎಂಬ ಫಲಕದ ಕೆಳಗೆ ‘ನಾನು ನಿಮಗೆ ಸಹಾಯ ಮಾಡಬಹುದೇ’ ಎಂದು ಬರೆಯುವುದು ರೂಢಿ. ಆ ಪ್ರಶ್ನೆಯನ್ನು ಕನ್ನಡದಲ್ಲಿ ಬಾಯಿಬಿಟ್ಟು ಕೇಳುವವರು ‘ಏನಾಗಬೇಕಿತ್ತು?’ ಅನ್ನುತ್ತಾರೆ. ಇಂಗ್ಲಿಷಿನಲ್ಲೂ ಅದೇ ಪ್ರಶ್ನೆಯನ್ನು, ಒಳಗೆ ನುಗ್ಗಿ ಅತ್ತಿತ್ತ ನೋಡುತ್ತಿರುವ ಅಪರಿಚಿತನಿಗೆ ಸ್ವಲ್ಪ ಗಂಟಲು ಬಿಗಿದು ಕೇಳಿದರೆ, ಅದು ‘ಯಾರು ನೀನು, ಇಲ್ಲೇನು ಕೆಲಸ?’ ಎಂದಾಗುತ್ತದೆ. ‘ಏನಾಗಬೇಕಿತ್ತು’ವಿಗೂ ಆ ಎರಡೂ ದನಿ ಇವೆ. ‘ಸಹಾಯ ಮಾಡಬಹುದೇ’ಗೆ ಎರಡೂ ಇಲ್ಲ.

ಹೆಲ್ಪ್ ಪೂರ್ತಿ ನಾಮಪದವಾಗಿ, ಯಾರೂ ಕೂಗದೆ, ಯಾರನ್ನೂ ತಡೆಯದೆ ಸುಮ್ಮನೆ ಕೂತಿರುವ ಜಾಗವೂ ಇದೆ: ಕಂಪ್ಯೂಟರಿನ ಮೆನು ಸಾಲಿನ ಕೊನೆ. 1987ರಲ್ಲಿ ಐಬಿಎಂ ತನ್ನ ತಂತ್ರಾಂಶಗಳಿಗೆಲ್ಲ ಒಂದೇ ಬಗೆಯ ಕೀಲಿಗಳನ್ನು ಗೊತ್ತುಮಾಡುವಾಗ ಎಫ್1 ಅನ್ನು ಹೆಲ್ಪ್‌ಗೆ ಮೀಸಲಿಟ್ಟಿತು, ವಿಂಡೋಸ್ ಅದನ್ನೇ ಹಿಡಿಯಿತು. ಅಲ್ಲಿ ‘ಸಹಾಯ’ ಎಂದು ಅನುವಾದಿಸಿದ್ದು ಯಾರ ಕಿವಿಗೂ ಚುಚ್ಚುವುದಿಲ್ಲ.